ಪತ್ರಾದ ಕೆಳಗಿನ ಲೆಕ್ಕ

ಇತ್ತೀಚೆಗೆ ‘ಹಸಿರು ಉಕ್ಕು’ ಎಂಬ ಮಾತು ವೃತ್ತಪತ್ರಿಕೆಗಳಲ್ಲಿ ಮೇಲಿಂದ ಮೇಲೆ ಕಾಣಹತ್ತಿದೆ. ತುಕ್ಕಿನ ಕೆಂಪನ್ನಷ್ಟೇ ಬಲ್ಲ ನಮ್ಮಂಥ ಹಳ್ಳಿಯ ವಿದ್ಯಾರ್ಥಿಗಳಿಗೆ ಇದು ವಿನೋದವಾಗಿ ತೋರಬಹುದು. ಆದರೆ ಮಾತಿನ ಅರ್ಥ ಗಂಭೀರವಾದುದು. ಅದಿರನ್ನು ಕಲ್ಲಿದ್ದಲಿನ ಕುಲುಮೆಯಲ್ಲಿ ಕರಗಿಸಿ ಒಂದು ಟನ್ ಉಕ್ಕು ಮಾಡುವಷ್ಟರಲ್ಲಿ ಸುಮಾರು ಎರಡು ಟನ್ ಅಥವಾ ಅದಕ್ಕೂ ಹೆಚ್ಚು ಇಂಗಾಲದ ಡೈಆಕ್ಸೈಡು ಗಾಳಿಗೆ ಸೇರುತ್ತದೆ. ಜಗತ್ತಿನ ಬಿಸಿ ಏರುವದಕ್ಕೆ ಇದು ಸಣ್ಣ ಕಾರಣವಲ್ಲ. ಆದುದರಿಂದ 2024ರ ಡಿಸೆಂಬರಿನಲ್ಲಿ ಕೇಂದ್ರ ಸರಕಾರದ ಉಕ್ಕು ಮಂತ್ರಾಲಯವು ಒಂದು ಅಳತೆಗೋಲನ್ನು ಪ್ರಕಟಿಸಿತು. ಒಂದು ಟನ್ ಸಿದ್ಧ ಉಕ್ಕಿಗೆ 2.2 ಟನ್ನಿಗಿಂತ ಕಡಿಮೆ ಹೊಗೆಯಾದರೆ ಅದು ಹಸಿರು ಉಕ್ಕು. ಹೊಗೆ ಇನ್ನೂ ಇಳಿದಂತೆ ಮೂರು, ನಾಲ್ಕು, ಐದು ನಕ್ಷತ್ರಗಳು. 1.6ಕ್ಕಿಂತ ಕೆಳಗೆ ಬಂದರೆ ಐದು ನಕ್ಷತ್ರ.

ಕ್ರಮ ಒಳ್ಳೆಯದೇ, ಅದರಲ್ಲಿ ಸಂದೇಹವಿಲ್ಲ. ಆದರೆ ಈ ನಕ್ಷತ್ರಗಳನ್ನು ಕಾರಖಾನೆಯ ಚಿಮಣಿ ನೋಡಿ ಕೊಡುತ್ತಾರೆ. ಅದೇ ಉಕ್ಕು ತೆಳುವಾದ ಹಾಳೆಯಾಗಿ, ಲಾರಿಯೇರಿ, ಬೀದರದ ಅಂಗಡಿಗೆ ಬಂದು, ಔರಾದ ತಾಲ್ಲೂಕಿನ ಒಂದು ಮನೆಯ ನೆತ್ತಿಯ ಮೇಲೆ ಕುಳಿತ ಮೇಲೆ ಎಷ್ಟು ವರ್ಷ ಬಾಳುತ್ತದೆ, ಕೆಳಗಿರುವವರನ್ನು ಎಷ್ಟು ಬೇಯಿಸುತ್ತದೆ ಎಂಬದಕ್ಕೆ ನಕ್ಷತ್ರವಿಲ್ಲ. ಪತ್ರಾದ ಹಸಿರನ್ನು ಅದರ ಕೆಳಗೆ ಕೂತು ಅಳೆಯಬೇಕೆಂಬದು ನನ್ನ ವಾದ.

ಅರ್ಥಶಾಸ್ತ್ರ, ಇತಿಹಾಸಗಳನ್ನು ಓದುವ ಬಿ.ಎ. ವಿದ್ಯಾರ್ಥಿಗೆ ತಗಡಿನ ಉಸಾಬರಿ ಏಕೆಂದು ವಾಚಕರು ಕೇಳಬಹುದು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನಾನು ಅಭ್ಯಾಸ ಮಾಡಿದ್ದು ಬಹುಮಟ್ಟಿಗೆ ಪತ್ರಾದ ಕೆಳಗೆ. ರಜೆಯಲ್ಲಿ ಭಾಲ್ಕಿಯಲ್ಲಿರುವ ಸೋದರಮಾವನ ವೆಲ್ಡಿಂಗ್ ಅಂಗಡಿಯಲ್ಲಿ ಕೆಲಸಕ್ಕೆ ನಿಲ್ಲುತ್ತೇನೆ. ಅಲ್ಲಿ ಪೈಪು ಹಿಡಿದು, ಸ್ಕ್ರೂ ಬಿಗಿದು, ಫೀಯ ಹಣ ಕೂಡಿಸಿದ್ದೇನೆ. ಹೀಗಾಗಿ ಈ ವಸ್ತು ನನಗೆ ಕೆಳಗಿನಿಂದಲೂ ಗೊತ್ತು, ಮೇಲಿನಿಂದಲೂ ಗೊತ್ತು.

‘ಪತ್ರಾ’ ಎಂಬದು ಮರಾಠಿಯಿಂದ ನಮ್ಮಲ್ಲಿಗೆ ಬಂದ ಶಬ್ದ. ಉದಗೀರಿನ ಪೇಟೆಗೆ ನಿತ್ಯ ಹೋಗಿಬರುವ ಔರಾದಿನ ಜನಕ್ಕೆ ಅದನ್ನು ತಗಡು ಎಂದರೆ ಯಾಕೋ ಅರ್ಧ ತಿಳಿದಂತೆ. ಇದರ ಹುಟ್ಟು ಮಾತ್ರ ದೂರದ್ದು. ಲಂಡನ್ ಬಂದರಿನ ಇಂಜಿನಿಯರನಾಗಿದ್ದ ಹೆನ್ರಿ ಪಾಮರನು 1829ರಲ್ಲಿ ಕಬ್ಬಿಣದ ಹಾಳೆಯನ್ನು ಅಲೆಅಲೆಯಾಗಿ ಸುಕ್ಕುಗಟ್ಟಿಸುವದಕ್ಕೆ ಹಕ್ಕು ಪಡೆದನು. ಹಾಗೆ ಮಡಿಸಿದ ತೆಳು ಹಾಳೆ ಬಾಗದೆ ನಿಲ್ಲುತ್ತದೆ. ಫ್ರಾನ್ಸಿನ ಸೊರೆಲ್ ಎಂಬವನು 1837ರಲ್ಲಿ ಅದಕ್ಕೆ ಸತುವಿನ ಲೇಪ ಕೊಡುವ ಕ್ರಮವನ್ನು ದಾಖಲೆ ಮಾಡಿಸಿದನು. ಸತು ತಾನು ಸವೆಯುತ್ತ ಒಳಗಿನ ಕಬ್ಬಿಣವನ್ನು ಕಾಯುತ್ತದೆ. ಸತುವೆಂದರೆ ಬೀದರದವರಿಗೆ ಹೊಸ ಪರಿಚಯವೇನೂ ಅಲ್ಲ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಎಳೆ ಕೂಡಿಸಿ, ಕೋಟೆಯ ಹಳೆಯ ಮಣ್ಣಿನಿಂದ ಕಪ್ಪು ಬರಿಸಿದರೆ ಅದು ಜಗತ್ಪ್ರಸಿದ್ಧವಾದ ಬಿದ್ರಿ. ಅದೇ ಲೋಹವನ್ನು ಕೂದಲಿಗಿಂತ ತೆಳುವಾಗಿ ಕಬ್ಬಿಣಕ್ಕೆ ಸವರಿದರೆ ಬಡವನ ಮಾಳಿಗೆ. ಒಂದನ್ನು ಗಾಜಿನ ಕಪಾಟಿನಲ್ಲಿಡುತ್ತೇವೆ, ಇನ್ನೊಂದರ ಮೇಲೆ ಗಾಳಿಗೆ ಹಾರದಿರಲೆಂದು ಕಲ್ಲು ಹೇರುತ್ತೇವೆ!

ಇಂದು ಪತ್ರಾ ಇಲ್ಲದ ಓಣಿ ನಮ್ಮ ಜಿಲ್ಲೆಯಲ್ಲಿಲ್ಲ. ಗಾಂಧಿಗಂಜಿನ ಗೋದಾಮುಗಳು, ಕೊಳಾರದ ಕೈಗಾರಿಕಾ ಪ್ರದೇಶದ ಶೆಡ್ಡುಗಳು, ಸಕ್ಕರೆ ಕಾರಖಾನೆಗಳು, ಈಚೆಗೆ ಬಣ್ಣದ ತಗಡು ಹೊದ್ದು ನಿಂತ ಮದುವೆಯ ಮಂಟಪಗಳು, ಎಲ್ಲವೂ ಉಕ್ಕಿನ ಕಂಬ, ಉಕ್ಕಿನ ತೊಲೆ, ಉಕ್ಕಿನ ಹೊದಿಕೆಗಳೇ. ಬೋಲ್ಟು ಬಿಗಿದು ನಿಲ್ಲಿಸಿದ ಇಂಥ ಕಟ್ಟಡವನ್ನು ಬಿಚ್ಚಿ ಬೇರೆಡೆ ಕಟ್ಟಬಹುದಾದದ್ದು ಅದರ ದೊಡ್ಡ ಗುಣ. ದೊಡ್ಡವರ ಕಟ್ಟಡಗಳಿಗೆ ಇಂಜಿನಿಯರರು ಇದ್ದಾರೆ. ಅವನ್ನು ಅವರಿಗೇ ಬಿಟ್ಟು ನಾನು ಮನೆಗಳ ಮಾತಿಗೆ ಬರುತ್ತೇನೆ.

ನಮ್ಮ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ಕಲ್ಲು-ಮಣ್ಣಿನ ದಪ್ಪ ಗೋಡೆ, ಅದರ ಮೇಲೆ ತೊಲೆ, ಜಂತಿ, ಹಲಗೆ, ಮೇಲೆ ಮೊಳದಷ್ಟು ಮಣ್ಣು, ನಡುವೆ ಒಂದು ಬೆಳಕಿಂಡಿ. ವೈಶಾಖದಲ್ಲಿಯೂ ಒಳಗೆ ತಂಪು. ಊರಿಗೆ ಬಂದ ಪಟ್ಟಣದ ಮಿತ್ರರು ‘ಇದನ್ನು ಬಿಟ್ಟು ತಗಡು ಹಾಕುತ್ತೀರಲ್ಲ, ಎಂಥ ಅವಿವೇಕ’ ಎಂದು ನಮಗೆ ಬುದ್ಧಿ ಹೇಳುವದುಂಟು. ಪರಿಸರದ ಬಗ್ಗೆ ಬರೆಯುವ ಕೆಲವರಂತೂ ಮಣ್ಣಿನ ಮನೆಯನ್ನು ಹಾಡಿ ಹೊಗಳುತ್ತಾರೆ. ಅಂಥವರು 1993ರ ಸೆಪ್ಟೆಂಬರ 30ನ್ನು ಒಮ್ಮೆ ನೆನೆಯಬೇಕು. ಅಂದು ಗಣಪತಿಯನ್ನು ಕಳುಹಿಸಿ ಜನ ಮಲಗಿದ್ದ ಹೊತ್ತು, ನಸುಕಿನ ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷವಿರುವಾಗ, ನಮ್ಮ ನೆರೆಯ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಹತ್ತು ಸಾವಿರದ ಹತ್ತಿರ ಜನ ಮಡಿದರು. ಕೊಂದದ್ದು ಭೂಮಿಯೆನ್ನುವದಕ್ಕಿಂತ ಮನೆ ಎನ್ನುವದು ಸರಿ. ಮಣ್ಣಿನ ಗಾರೆಯ ಕಲ್ಲುಗೋಡೆ ಬಿರಿದು, ಮೇಲಿನ ಮಣ್ಣೆಲ್ಲ ಮಲಗಿದವರ ಮೇಲೆ ಬಿತ್ತು. ಔರಾದ, ಭಾಲ್ಕಿಗಳ ಕಡೆಯ ಹಿರಿಯರು ಇಂದಿಗೂ ಆ ನಸುಕನ್ನು ನೆನೆದು ಮಾಳಿಗೆಯನ್ನು ಒಮ್ಮೆ ತಲೆಯೆತ್ತಿ ನೋಡುತ್ತಾರೆ. ನಮ್ಮ ಅಜ್ಜಿ ಅದಾದ ಮೇಲೆ ಎಷ್ಟೋ ತಿಂಗಳು ಅಂಗಳದಲ್ಲಿಯೇ ಮಲಗುತ್ತಿದ್ದಳಂತೆ.

ತೂಕದ ಲೆಕ್ಕವನ್ನು ಮಾಡಿ ನೋಡೋಣ. ಹತ್ತು ಅಡಿ ಅಗಲ, ಮೂವತ್ತು ಅಡಿ ಉದ್ದದ ಒಂದು ಮನೆ. ಸುಮಾರು 28 ಚದರ ಮೀಟರು. ಅದರ ಮೇಲೆ ಒಂದಡಿ ಮಣ್ಣಿದ್ದರೆ ಹೆಚ್ಚು ಕಡಿಮೆ ಹದಿನಾಲ್ಕು ಟನ್. ನಾಲ್ಕು ಇಂಚಿನ ಕಾಂಕ್ರೀಟು ಸ್ಲ್ಯಾಬಾದರೆ ಏಳು ಟನ್ನಿನ ಹತ್ತಿರ. ಪತ್ರಾ ಮತ್ತು ಅದರ ಕೆಳಗಿನ ಪೈಪುಗಳೆಲ್ಲ ಕೂಡಿ ಕಾಲು ಟನ್! ಬಡವನು ಪತ್ರಾ ಹಾಕಿಸುವದು ಸೋವಿಯಾಗಿ ಸಿಗುವದರಿಂದ ನಿಜ; ಆದರೆ ಅದು ಹಗುರಾದುದರಿಂದಲೂ ಹೌದು. ಸ್ಲ್ಯಾಬಿನ ಹೊಟ್ಟೆಯಲ್ಲಿರುವ ಕಬ್ಬಿಣದ ಸರಳುಗಳನ್ನು ತೂಗಿದರೆ ಅವೇ ಇನ್ನೂರು ಕಿಲೋ ದಾಟುತ್ತವೆ. ಎಂದರೆ ಪತ್ರಾ ಮನೆಯಲ್ಲಿ ಕಣ್ಣಿಗೆ ಕಾಣುವಷ್ಟೇ ಉಕ್ಕು ಸ್ಲ್ಯಾಬಿನಲ್ಲಿ ಕಾಣದೆ ಅಡಗಿದೆ. ಇಪ್ಪತ್ತಕ್ಕೂ ಹೆಚ್ಚು ಚೀಲ ಸಿಮೆಂಟು ಅದರ ಮೇಲೆ. ಸಿಮೆಂಟನ್ನು ಸುಡುವಾಗಲೂ ಇಂಗಾಲ ಹೊರಡುವದು. ಆದುದರಿಂದ ತಗಡಿನ ಮನೆಯವನನ್ನು ಪರಿಸರದ ಹೆಸರಿನಲ್ಲಿ ಸ್ಲ್ಯಾಬಿನ ಮನೆಯವನು ದೂರುವದು ನ್ಯಾಯವಲ್ಲ.

ಹಳೆಯ ತಗಡು ಹಾಳಾಗಿ ಹೋಗುವದಿಲ್ಲವೆಂಬದು ಉದ್ಯಮದವರು ಹೇಳುವ ಎರಡನೆಯ ಹಿರಿಮೆ. ಇದರಲ್ಲಿ ನಮ್ಮ ತಾಯಂದಿರು ಯಾವ ಕಾರಖಾನೆಗೂ ಪಾಠ ಹೇಳಬಲ್ಲರು. ಮನೆಯ ಮೇಲಿಂದಿಳಿದ ಪತ್ರಾ ದನದ ಕೊಟ್ಟಿಗೆಯ ಮೇಲೇರುತ್ತದೆ. ಅಲ್ಲಿ ತೂತು ಬಿದ್ದರೆ ಬಚ್ಚಲಿನ ಗೋಡೆ. ಅಂಚು ಹರಿದರೆ ಕತ್ತರಿಸಿ ಕೋಳಿಗೂಡಿನ ಬಾಗಿಲು. ಇನ್ನೇನೂ ಆಗದೆಂದಾಗ ತಳ್ಳುಗಾಡಿಯ ಭಂಗಾರಿನವನು ಬಂದು ತೂಗಿ ಒಯ್ಯುತ್ತಾನೆ. (ಗುಜರಿಗೆ ಭಂಗಾರ್ ಎನ್ನುವ ನಮ್ಮ ಸೀಮೆಯಲ್ಲಿ, ಒಂದು ಒತ್ತಕ್ಷರ ಕಳೆದರೆ ಅದು ಬಂಗಾರವೇ.) ಅಲ್ಲಿಂದ ಅದು ಲಾರಿಯಲ್ಲಿ ಜಾಲನಾದಂಥ ಊರುಗಳ ವಿದ್ಯುತ್ ಕುಲುಮೆ ಸೇರಿ, ಸರಳಾಗಿ ಮತ್ತೆ ಪೇಟೆಗೆ ಬರುತ್ತದೆ. ಒಂದು ಟನ್ ಗುಜರಿಯನ್ನು ಕರಗಿಸಿದರೆ 1.1 ಟನ್ ಅದಿರು, 630 ಕಿಲೋ ಕಲ್ಲಿದ್ದಲು ಉಳಿಯುವದೆಂದು 2019ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಗುಜರಿ ನೀತಿಯಲ್ಲಿಯೇ ಹೇಳಿದೆ. ಅದಿರಿನ ಸಲುವಾಗಿ ಬಳ್ಳಾರಿಯ ಬೆಟ್ಟಗಳು ಪಟ್ಟ ಪಾಡು, 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಲ್ಲಿಯ ಗಣಿಗಾರಿಕೆಯನ್ನೇ ನಿಲ್ಲಿಸಬೇಕಾಗಿ ಬಂದದ್ದು, ಕನ್ನಡಿಗರೆಲ್ಲರಿಗೂ ತಿಳಿದಿದೆ. ಇಷ್ಟೆಲ್ಲ ಉಳಿತಾಯಕ್ಕೆ ಮೊದಲ ಕೈ ಕೊಡುವವನು ತಳ್ಳುಗಾಡಿಯವನು. ಅವನಿಗೆ ಯಾವ ನಕ್ಷತ್ರವನ್ನೂ ಯಾರೂ ಕೊಟ್ಟಿಲ್ಲ. ಸಿಮೆಂಟು ಪತ್ರಾ ಎಂದು ಕರೆಯುವ ಆಸ್ಬೆಸ್ಟಾಸ್ ಹಾಳೆಗೆ ಈ ಗತಿಯೂ ಇಲ್ಲ. ಅದು ಒಡೆದರೆ ಅದರ ಧೂಳು ಎದೆಗೆ ಕೆಡಕು, ಭಂಗಾರಿನವನೂ ಮುಟ್ಟುವದಿಲ್ಲ.

ಇಷ್ಟು ಹೊಗಳಿದ ಮೇಲೆ ನನ್ನ ತಕರಾರಿಗೆ ಬರುತ್ತೇನೆ. ಅಂಗಡಿಗೆ ಬಂದ ಗಿರಾಕಿ ಕೇಳುವದು ಎರಡೇ ಪ್ರಶ್ನೆ: ಫೂಟಿಗೆ ಎಷ್ಟು? ಯಾವ ಬಣ್ಣವಿದೆ? ತಗಡಿನ ಆಯುಷ್ಯ ಮಾತ್ರ ಬೇರೆ ಎರಡು ಸಂಗತಿಗಳಲ್ಲಿದೆ. ಒಂದು ಅದರ ದಪ್ಪ; ಇನ್ನೊಂದು ಅದರ ಮೇಲಿನ ಸತುವಿನ ತೂಕ. ಭಾರತೀಯ ಮಾನಕ 277ರ ಮೇರೆಗೆ ಒಂದು ಚದರ ಮೀಟರು ಹಾಳೆಗೆ ಎರಡೂ ಮಗ್ಗಲು ಕೂಡಿ ಎಷ್ಟು ಗ್ರಾಂ ಸತುವಿದೆಯೆಂದು ದರ್ಜೆ ಮಾಡಿರುತ್ತಾರೆ. 120 ಗ್ರಾಮಿನದೂ ಉಂಟು, 275 ಗ್ರಾಮಿನದೂ ಉಂಟು. ಸತು ಇಮ್ಮಡಿಯಾದರೆ ಅದರ ಬಾಳಿಕೆಯೂ ಹೆಚ್ಚು ಕಡಿಮೆ ಇಮ್ಮಡಿಯಾಗುತ್ತದೆ. ನಮ್ಮದು ಸಮುದ್ರದ ಉಪ್ಪುಗಾಳಿಯಿಲ್ಲದ ಒಣ ಸೀಮೆ; ಮಂಗಳೂರಿಗಿಂತ ಇಲ್ಲಿ ತಗಡು ಹೆಚ್ಚು ವರ್ಷ ನಿಲ್ಲಬೇಕು. ಆದರೂ ಕೊಟ್ಟಿಗೆಯ ಗಂಜಳದ ಆವಿ, ಜೋಡಣೆಯ ಸಂದಿಯಲ್ಲಿ ಕೊಳೆಯುವ ಬೇವಿನೆಲೆ, ರಬ್ಬರ್ ವಾಶರ್ ಇಲ್ಲದೆ ಹೊಡೆದ ಮೊಳೆಯ ತೂತು, ಇವು ಸಾಕು.

ದಪ್ಪದ ವಿಷಯದಲ್ಲಿ ಇನ್ನೊಂದು ಗುಟ್ಟಿದೆ. ಬಣ್ಣದ ಪತ್ರಾ ಮಾರುವಾಗ ಹೇಳುವ ದಪ್ಪದಲ್ಲಿ ಬಣ್ಣ, ಲೇಪಗಳೆಲ್ಲ ಸೇರಿರುತ್ತವೆ. ಒಳಗಿನ ಉಕ್ಕು ಅದಕ್ಕಿಂತ ಕಡಿಮೆ. ಹೋದ ವರ್ಷ ವಿಜ್ಞಾನ ಓದುವ ಗೆಳೆಯನೊಬ್ಬನ ಸ್ಕ್ರೂಗೇಜನ್ನು ಕಿಸೆಯಲ್ಲಿಟ್ಟುಕೊಂಡು ನಾನು ನಾಲ್ಕಾರು ಕಡೆ ತಿರುಗಿದೆ. ಒಂದು ಅಂಗಡಿಯಲ್ಲಿ ‘ಅರ್ಧ ಎಂ.ಎಂ.’ ಎಂದು ಕೊಟ್ಟ ಹಾಳೆ ಬಣ್ಣ ಸಹಿತ 0.43 ಬಂತು. ನಾನು ಗೇಜು ತೋರಿಸಿದಾಗ ಮಾಲಕರು ಸಿಟ್ಟಾಗಲಿಲ್ಲ. ನಕ್ಕು, ‘ತಮ್ಮಾ, ಇಷ್ಟು ದಿನದಾಗ ಯಾರೂ ಅಳದಿಲ್ಲ ನೋಡು’ ಎಂದರು. ಅವರ ಆ ಮಾತು ನನಗೆ ಬಹಳ ಸತ್ಯವೆನಿಸಿತು.

ಈಗ ಅದೇ 28 ಚದರ ಮೀಟರಿನ ಮನೆಗೆ ಬರೋಣ. ಒಂದು ಮಿಲಿಮೀಟರು ದಪ್ಪದ ಉಕ್ಕು ಚದರ ಮೀಟರಿಗೆ 7.85 ಕಿಲೋ ತೂಗುವದು. ಅಲೆಯ ಮಡಿಕೆ, ಜೋಡಣೆಯ ಅಂಚುಗಳಿಗೆ ಸ್ವಲ್ಪ ಕೂಡಿಸಿದರೆ, 0.35ರ ತೆಳು ಪತ್ರಾ ಈ ಮನೆಗೆ ಸುಮಾರು 90 ಕಿಲೋ ಬೇಕು, 0.50ರದು 130 ಕಿಲೋ. ತೆಳುವಾದುದು ಐದು ನಕ್ಷತ್ರದ ಉಕ್ಕಿನದೆಂದೂ, ಟನ್ನಿಗೆ 1.6ರ ಮೇರೆಯಲ್ಲಿದೆಯೆಂದೂ ಇಟ್ಟುಕೊಳ್ಳಿರಿ. ದಪ್ಪವಾದುದು ಹಸಿರೆನ್ನಿಸಿಕೊಳ್ಳಲು ಅಂಚಿನಲ್ಲಿ ನಿಂತ 2.2ರದೆನ್ನಿರಿ. ದಪ್ಪವಾದುದನ್ನು ಒಮ್ಮೆ ಹಾಕಿಸಿ ನಿಶ್ಚಿಂತನಾದವನ ಮನೆಯ ಪಾಲಿಗೆ ಬಂದ ಹೊಗೆ 286 ಕಿಲೋ. ತೆಳುವಾದುದು ತುಕ್ಕು ತಿಂದು, ಇಲ್ಲವೆ ಮೇ ತಿಂಗಳ ಬಿರುಗಾಳಿಗೆ ಹರಿದು, ಅದೇ ಅವಧಿಯಲ್ಲಿ ಎರಡನೆಯ ಸಲ ಹಾಕಿಸಿದವನದು 288 ಕಿಲೋ! ಕಾರಖಾನೆಯವರು ಕೋಟಿಗಟ್ಟಲೆ ಖರ್ಚು ಮಾಡಿ ಗಳಿಸಿದ ಎರಡು ನಕ್ಷತ್ರಗಳನ್ನು ನಮ್ಮೂರಿನ ಒಂದು ಮಳೆಗಾಳಿ ನುಂಗಿ ನೀರು ಕುಡಿಯಿತು. ಬಡವನು ಎರಡು ಸಲ ಮಾಡಿದ ಸಾಲ ಈ ಲೆಕ್ಕದಲ್ಲಿ ಸೇರಿಲ್ಲ.

ಇನ್ನು ಬಿಸಿಲಿನ ಮಾತು. ಬೇಸಿಗೆಯ ಎರಡು ತಿಂಗಳು ನಮ್ಮ ಭಾಗದ ಸರಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೇ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಬಿಸಿಲು ಅಷ್ಟು ಉಗ್ರವೆಂದು ಸರಕಾರವೇ ಒಪ್ಪಿದಂತಾಯಿತು. ಕಚೇರಿಯವರು ಮನೆಗೆ ಹೋಗಬಹುದು. ಪತ್ರಾದ ಮನೆಯವರು ಎಲ್ಲಿಗೆ ಹೋಗಬೇಕು? ನನ್ನ ತಂಗಿ ಈ ವರ್ಷ ಹತ್ತನೆಯ ತರಗತಿ. ಮಾರ್ಚಿನ ಮಧ್ಯಾಹ್ನಗಳಲ್ಲಿ ಅವಳು ಪುಸ್ತಕ ಹಿಡಿದು ಬೇವಿನ ನೆರಳಿನಿಂದ ಗುಡಿಯ ಕಟ್ಟೆಗೆ, ಕಟ್ಟೆಯಿಂದ ನೆರಳಿಗೆ ತಿರುಗುತ್ತಾಳೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುವ ಹೊತ್ತಿಗೆ ಕೆಳಗೊಂದು ಬೆಂಕಿ, ಮೇಲೊಂದು ಬೆಂಕಿ.

ಇದಕ್ಕೆ ಕಾರಣ ಸ್ವಾರಸ್ಯವಾದುದು. ಹೊಸ ಪತ್ರಾ ಹೊಳೆಯುವದರಿಂದ ಬಿಸಿಲನ್ನು ಹಿಂದಕ್ಕೆಸೆಯುತ್ತದೆಂದು ನಾವು ಭಾವಿಸುತ್ತೇವೆ. ತಕ್ಕಮಟ್ಟಿಗೆ ನಿಜವೂ ಹೌದು. ಆದರೆ ತಾನು ಹೀರಿಕೊಂಡ ಕಾವನ್ನು ಆಕಾಶಕ್ಕೆ ಬಿಟ್ಟುಕೊಡುವದರಲ್ಲಿ ಬರಿಯ ಲೋಹ ಬಲು ಜಿಪುಣ. ಬಿಳಿ ಬಣ್ಣ ಬಳಿದ ತಗಡು ಬಿಸಿಲನ್ನೂ ತಿರುಗಿಸುತ್ತದೆ, ಕಾವನ್ನೂ ಧಾರಾಳವಾಗಿ ಬಿಡುತ್ತದೆ. ಅಂಗಡಿಯಲ್ಲಿ ಹೆಚ್ಚಾಗಿ ಹೋಗುವ ಗಾಢ ನೀಲಿ, ಕೆಂಪುಗಳು ಚೆಂದ ಕಂಡರೂ ಬಿಸಿಲನ್ನು ಕುಡಿಯುವಂಥವು. ಸುಣ್ಣ ಸೋವಿಯಲ್ಲವೇ ಎಂದು ಕೆಲವರು ಕೇಳುತ್ತಾರೆ. ಸುಣ್ಣ ತಗಡಿನ ಮೇಲೆ ನಿಲ್ಲುವದಿಲ್ಲ, ಹಸಿ ಸುಣ್ಣದ ಖಾರವು ಸತುವಿಗೂ ಒಳ್ಳೆಯದಲ್ಲ. ತಗಡಿಗೆಂದೇ ಮಾಡಿದ ಬಿಳಿ ಬಣ್ಣವೇ ಆಗಬೇಕು. ಕೆಳಗೆ ಒಂದು ಗೇಣು ಅಂತರ ಬಿಟ್ಟು ಬಿದಿರಿನ ತಟ್ಟಿ ಕಟ್ಟಿದರಂತೂ ನಡುವಿನ ಗಾಳಿಯೇ ತಡೆಯಾಗುತ್ತದೆ. ತೊಗರಿ ಕಟ್ಟಿಗೆಯ ತಟ್ಟಿಯಾದರೆ ದುಡ್ಡೇ ಬೇಡವೆಂದು ನಾನು ಮನೆಯಲ್ಲಿ ಹೇಳಿದೆ. ‘ಅದರಾಗ ಇಲಿ ಸೇರ್ತಾವ, ಇಲಿ ಹಿಂದ ಹಾವು ಬರ್ತಾವ, ನೀ ಹಾಸ್ಟೆಲ್ನಾಗ ಇರ್ತಿ’ ಎಂದಳು ಅವ್ವ. ಈ ಆಕ್ಷೇಪಣೆಗೆ ನನ್ನಲ್ಲಿ ಉತ್ತರವಿಲ್ಲ. ಬೆಂಕಿಯ ಅಂಜಿಕೆಯೂ ಉಂಟು. ಒಂದು ಮಾತು ಮಾತ್ರ ಪತ್ರಾದ ಪರವಾಗಿ ಹೇಳಲೇಬೇಕು: ಹೊತ್ತು ಮುಳುಗಿದರೆ ಅದು ಬೇಗ ಆರುತ್ತದೆ. ಸ್ಲ್ಯಾಬಿನ ಮನೆಯವರು ಸಂಜೆ ಬಕೀಟುಗಟ್ಟಲೆ ನೀರು ಸುರಿದರೂ ನಡುರಾತ್ರಿಯವರೆಗೆ ಅದರ ಕಾವಿನಲ್ಲಿಯೇ ಹೊರಳಾಡುತ್ತಾರೆ.

ದಪ್ಪ ತಗಡು, ಬಿಳಿ ಬಣ್ಣ, ತಟ್ಟಿ ಇವೆಲ್ಲ ಉಳ್ಳವರ ಮಾತು, ಕೂಲಿಯವನು ಕೈಯಲ್ಲಿದ್ದಷ್ಟರಲ್ಲಿ ಹಾಕಿಸುತ್ತಾನೆ ಎಂಬ ವಾದವೊಂದಿದೆ. ಆ ವಾದವನ್ನು ನಾನು ಮನೆಯಲ್ಲಿಯೇ ಕೇಳಿ ಬೆಳೆದವನು. ಆದುದರಿಂದಲೇ ಇದು ಬರಿಯ ಗಿರಾಕಿಯ ವಿವೇಕಕ್ಕೆ ಬಿಡುವ ವಿಷಯವಲ್ಲವೆನ್ನುತ್ತೇನೆ. ನೆರೆಯ ತೆಲಂಗಾಣ ರಾಜ್ಯವು 2023ರಲ್ಲಿ, 2028ರವರೆಗೆ ನಡೆಯುವಂತೆ, ತಂಪು ಮಾಳಿಗೆಯ ನೀತಿಯೊಂದನ್ನು ಜಾರಿಗೆ ತಂದಿತು. ಸರಕಾರಿ ಕಟ್ಟಡಗಳಿಗೆ, ವ್ಯಾಪಾರದ ಕಟ್ಟಡಗಳಿಗೆ ಅದು ಕಡ್ಡಾಯ. ವಾಸದ ಮನೆಗಳಲ್ಲಿ 600 ಚದರ ಗಜ ಮತ್ತು ಅದಕ್ಕೆ ಮೇಲ್ಪಟ್ಟ ನಿವೇಶನದವುಗಳಿಗೆ ಮಾತ್ರ ಕಡ್ಡಾಯ. ಆರು ನೂರು ಗಜದ ನಿವೇಶನದಲ್ಲಿ ಪತ್ರಾ ಮನೆ ಕಟ್ಟುವವರು ಯಾರು? ನೀತಿ ಸರಿಯಾದ ದಾರಿಯಲ್ಲಿ ಹೊರಟು ಪತ್ರಾದ ಓಣಿಯ ತುದಿಯಲ್ಲಿಯೇ ನಿಂತುಬಿಟ್ಟಿತು. ನಮ್ಮ ಜಿಲ್ಲೆಗೆ ಇಂಥದೊಂದು ಬರುವದಾದರೆ ಚಿಕ್ಕ ಮನೆಯಿಂದ ಆರಂಭವಾಗಿ ಮೇಲಕ್ಕೆ ಹೋಗಲಿ, ಕಡ್ಡಾಯದಿಂದಲ್ಲ, ಬಣ್ಣದ ಡಬ್ಬಿಗೆ ಕೊಡುವ ಸಹಾಯದಿಂದ.

ಕಾರಖಾನೆಗಳು ಹಸಿರಾಗಹತ್ತಿದ್ದು ನಮ್ಮ ಮುಖ ನೋಡಿ ಮಾತ್ರವೆಂದು ಯಾರೂ ತಿಳಿಯಬಾರದು. ಯುರೋಪಿನ ಒಕ್ಕೂಟವು ತನ್ನ ಗಡಿಯೊಳಗೆ ಬರುವ ಉಕ್ಕಿನ ಹೊಗೆಗೆ 2026ರಿಂದ ದಂಡ ಹಾಕುವ ಏರ್ಪಾಡು ಮಾಡಿದೆ. ಅಲ್ಲಿಯ ಗಿರಾಕಿ ಲೆಕ್ಕ ಕೇಳಿದನು, ಇಲ್ಲಿಯ ಕಾರಖಾನೆ ಲೆಕ್ಕ ಇಡತೊಡಗಿತು. ಹಾಗೆಯೇ ಭಾಲ್ಕಿಯ ಗಿರಾಕಿಯೂ ಲೆಕ್ಕ ಕೇಳಬೇಕು. ಪ್ರತಿಯೊಂದು ಹಾಳೆಯ ಮೇಲೂ ಬಣ್ಣ ಬಿಟ್ಟು ಬರಿಯ ಉಕ್ಕಿನ ದಪ್ಪವೆಷ್ಟು, ಸತು ಎಷ್ಟು ಗ್ರಾಂ ಎಂಬದನ್ನು ಕನ್ನಡದಲ್ಲಿ, ಓದಲು ಬರುವಷ್ಟು ದೊಡ್ಡದಾಗಿ ಅಚ್ಚು ಹಾಕಿರಬೇಕು. ಗೊಬ್ಬರದ ಚೀಲದ ಮೇಲೆ ತೂಕ ಬರೆಯುವವರಿಗೆ ಇದು ಕಷ್ಟವಲ್ಲ.

ಅಲ್ಲಿಯವರೆಗೆ ನಮ್ಮ ಕೈಯಲ್ಲಾಗುವ ಎರಡು ಕೆಲಸಗಳಿವೆ. ನಮ್ಮ ಎನ್.ಎಸ್.ಎಸ್. ಶಿಬಿರದಲ್ಲಿ ವರ್ಷವೂ ರಸ್ತೆ ಗುಡಿಸುತ್ತೇವೆ. ನಾವು ಬಸ್ಸು ಹತ್ತುವಷ್ಟರಲ್ಲಿ ಅದು ಮೊದಲಿನಂತಾಗುತ್ತದೆ. ಬರುವ ಶಿಬಿರದಲ್ಲಿ ಒಂದು ಓಣಿಯ ಹತ್ತು ಪತ್ರಾ ಮನೆಗಳಿಗೆ ಬಿಳಿ ಬಣ್ಣ ಬಳಿಯೋಣ, ಹತ್ತನ್ನು ಹಾಗೆಯೇ ಬಿಡೋಣ. ಬಿಟ್ಟ ಹತ್ತಕ್ಕೆ ಮರುವರ್ಷ ಬಳಿಯುವದೆಂದು ಮನೆಯವರಿಗೆ ಮೊದಲೇ ಮಾತು ಕೊಟ್ಟರಾಯಿತು. ಎರಡೂ ಕಡೆ ಮಧ್ಯಾಹ್ನದ ಮೂರು ಗಂಟೆಗೆ ಒಳಗಿನ ಶಾಖವನ್ನು ಬರೆದಿಡೋಣ. ಬೀದರದಲ್ಲೊಂದು, ಭಾಲ್ಕಿಯಲ್ಲೊಂದು, ಔರಾದಿನಲ್ಲೊಂದು ಓಣಿಯಾದರೆ ಇನ್ನೂ ಉತ್ತಮ. ಮೂರೂ ಊರಿನ ವಿದ್ಯಾರ್ಥಿಗಳು ನಮ್ಮಲ್ಲಿದ್ದಾರೆ. ಥರ್ಮಾಮೀಟರುಗಳು ಭೂಗೋಳ ವಿಭಾಗದ ಕಪಾಟಿನಲ್ಲಿವೆ, ಬೀಗದ ಕೈ ಗುರುಗಳ ಹತ್ತಿರ ಇದೆ. ನಾನು ಪರೀಕ್ಷೆ ಮುಗಿಸಿ ಹೊರಡುವವನು; ದ್ವಿತೀಯ ವರ್ಷದವರು ಯಾರಾದರೂ ಮುಂದೆ ಬಂದರೆ ಸ್ಕ್ರೂಗೇಜನ್ನು ಅವರ ಕೈಗೆ ಕೊಟ್ಟು, ಭಾಲ್ಕಿಯ ಅಂಗಡಿಗಳ ದಾರಿ ತೋರಿಸಿಯೇ ಹೋಗುತ್ತೇನೆ. ಏಪ್ರಿಲ್ ಬಂದರೆ ಅಳೆಯಲು ಬಿಸಿಲಿಗೇನು ಕೊರತೆಯಿಲ್ಲ.